ಪರರ ಹಗೇವಿನ ಕಾಳು: ಅಮೆರಿಕಕ್ಕೆ ವಲಸೆ ಹೋದ ಇಂಗ್ಲಿಷರ ಅನ್ನ-ಪಾನ

೧೬೨೦ನೆಯ ಇಸವಿಯ ನವೆಂಬರ ತಿಂಗಳು. ಅಮೆರಿಕ ಖಂಡದ ಪೂರ್ವ ಕರಾವಳಿಯಲ್ಲಿ ಕೇಪ್ ಕಾಡ್ ಎಂಬ ಉಸುಕಿನ ಭೂಶಿರ. ಅದರ ಮೇಲೆ ಹದಿನಾರು ಜನ ಇಂಗ್ಲಿಷರು ಕೋವಿ ಹಿಡಿದು ನಡೆದಿದ್ದರು. ಹಡಗಿನಲ್ಲಿ ದವಸ ತೀರುತ್ತ ಬಂದಿದ್ದಿತು, ಚಳಿ ಏರುತ್ತಲಿದ್ದಿತು. ಒಂದು ದಿಬ್ಬದ ಬಳಿ ಉಸುಕನ್ನು ಈಚೆಗಷ್ಟೇ ಕೈಯಿಂದ ತಟ್ಟಿ ಸಮ ಮಾಡಿದ ಗುರುತು ಅವರ ಕಣ್ಣಿಗೆ ಬಿದ್ದಿತು. ಕೆದರಿದರು. ಮೊದಲು ಒಂದು ಹಳೆಯ ಸಣ್ಣ ಬುಟ್ಟಿ, ಇನ್ನೂ ಕೆಳಗೆ ಒಂದು ಹೊಸ ದೊಡ್ಡ ಬುಟ್ಟಿ. ದುಂಡಗಿನ ಹೊಟ್ಟೆ, ಕಿರಿದಾದ ಬಾಯಿ. ನೆಲದಿಂದ ಎತ್ತಬೇಕಾದರೆ ಇಬ್ಬರು ಬೇಕು. ಒಳಗೆ ಆ ವರ್ಷದ ಹೊಸ ಗೋವಿನಜೋಳ. ಅದರೊಂದಿಗೆ ಮೂವತ್ತಾರು ಇಡೀ ತೆನೆಗಳು. ಕೆಲವು ಹಳದಿ, ಕೆಲವು ಕೆಂಪು, ಕೆಲವು ನೀಲಿ ಬೆರೆತವು.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಹಗೇವು. ಯಾವುದೋ ಮನೆತನದವರು ವರ್ಷದ ಕೂಳನ್ನೂ ಮುಂದಿನ ಬಿತ್ತನೆಯ ಬೀಜವನ್ನೂ ನೆಲದೊಳಗೆ ಇರಿಸಿ, ಬಾಯಿ ಮುಚ್ಚಿ ಹೋಗಿದ್ದರು.

ತೆಗೆದುಕೊಳ್ಳಬೇಕೋ ಬಿಡಬೇಕೋ ಎಂದು ಆ ಹದಿನಾರು ಜನರು ಅಲ್ಲಿಯೇ ನಿಂತು ವಿಚಾರ ಮಾಡಿದರಂತೆ. ಕೊನೆಗೆ ಹೊರುವಷ್ಟನ್ನು ಹೊತ್ತುಕೊಂಡು ಹೊರಟರು. ಒಡೆಯರು ಸಿಕ್ಕರೆ ಕಾಳಿನ ಬೆಲೆ ಕೊಡೋಣ ಎಂದು ತಮ್ಮ ಮನಸ್ಸಿಗೆ ತಾವೇ ಸಮಾಧಾನ ಹೇಳಿಕೊಂಡರು. ಕೆಲವು ದಿನಗಳ ಮೇಲೆ ಮತ್ತೆ ಬಂದರು. ಆಗ ನೆಲ ಹಿಮದಿಂದ ಕಲ್ಲಾಗಿದ್ದಿತು; ಕತ್ತಿಗಳಿಂದ ಕಡಿದು ಅಗೆದರು. ಎಲ್ಲ ಸೇರಿ ಸುಮಾರು ಹತ್ತು ಬುಶೆಲ್ ಕಾಳು ದೊರೆಯಿತು. ನಮ್ಮ ಲೆಕ್ಕದಲ್ಲಿ ಎರಡೂವರೆ ಕ್ವಿಂಟಲ್ ಎನ್ನಬಹುದು. ಇದು ಸಿಗದೆ ಹೋಗಿದ್ದರೆ ಮುಂದಿನ ವರ್ಷದ ಬೀಜಕ್ಕೆ ತಮಗೆ ಬೇರೆ ದಾರಿಯೇ ಇರಲಿಲ್ಲವೆಂದು ಅವರೇ ಬರೆದಿಟ್ಟಿದ್ದಾರೆ. ಆ ಬರೆಹ ೧೬೨೨ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮರುವರ್ಷ ಆ ಕಾಳಿನ ಒಡೆಯ ಎದುರಾದಾಗ ಪರಿಹಾರ ಕೊಡುತ್ತೇವೆಂದು ಮಾತು ಕೊಟ್ಟದ್ದೂ ಅದರಲ್ಲಿ ಉಂಟು. ಕದ್ದವನು ಕದ್ದೆನೆಂದು ತಾನೇ ಬರೆದಿಡುವುದು ಅಪರೂಪವಾದುದರಿಂದ ಅಷ್ಟರಮಟ್ಟಿಗೆ ಅವರನ್ನು ಮೆಚ್ಚಲೇಬೇಕು.

ಇವರು ಮೇಫ್ಲವರ್ ಎಂಬ ಹಡಗಿನಲ್ಲಿ ಬಂದ ೧೦೨ ಜನರ ಪೈಕಿಯವರು. ಮುಂದೆ ಪ್ಲಿಮತ್ ಎಂಬಲ್ಲಿ ಊರು ಕಟ್ಟಿದರು. ಆ ಮೊದಲನೆಯ ಚಳಿಗಾಲದಲ್ಲಿಯೇ ಅರ್ಧ ಜನ ತೀರಿಕೊಂಡರು.

ಇವರಿಗಿಂತ ಮೊದಲು, ೧೬೦೭ರಲ್ಲಿ, ದಕ್ಷಿಣದ ವರ್ಜೀನಿಯಾದಲ್ಲಿ ಜೇಮ್ಸ್‌ಟೌನ್ ಎಂಬ ಕೋಟೆಯೂರು ಆಗಿದ್ದಿತು. ಅಲ್ಲಿಗೆ ಹೋದವರು ಚಿನ್ನದ ಆಸೆಯಿಂದ ಹೋದವರು. ನೇಗಿಲು ಹಿಡಿದವರು ಅವರಲ್ಲಿ ಕಡಿಮೆ. ಸುತ್ತಲಿನ ಪೊಹಾಟನ್ ಜನರಿಂದ ಕಾಳನ್ನು ಮೊದಮೊದಲು ವಿನಿಮಯದಿಂದ, ಬಳಿಕ ಬೆದರಿಕೆಯಿಂದ ತಂದು ಉಂಡರು. ೧೬೦೯ರ ಚಳಿಗಾಲಕ್ಕೆ ಆ ಜನರು ಕೋಟೆಯನ್ನು ಮುತ್ತಿ ಕಾಳಿನ ದಾರಿಯನ್ನು ಕಟ್ಟಿಬಿಟ್ಟರು. ಕೋಟೆಯೊಳಗಿನವರು ಕುದುರೆ ತಿಂದರು, ನಾಯಿ ಬೆಕ್ಕು ತಿಂದರು, ಇಲಿ ಹಾವು ತಿಂದರು, ಬೂಟಿನ ತೊಗಲನ್ನು ಬೇಯಿಸಿ ತಿಂದರು. ೧೬೧೦ರ ಬೇಸಿಗೆಯ ಮುಂಚೆ ಬದುಕಿ ಉಳಿದವರು ಸುಮಾರು ೬೦ ಮಂದಿ. ಸತ್ತವರನ್ನೂ ತಿಂದರೆಂಬ ಮಾತು ಹಳೆಯ ಬರೆಹಗಳಲ್ಲಿ ಇದ್ದುದು ನಿಜವೆಂದು ೨೦೧೩ರಲ್ಲಿ ತಿಳಿಯಿತು. ಅಲ್ಲಿ ಅಗೆದಾಗ ಸಿಕ್ಕ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಎಲುಬಿನ ಮೇಲೆ ಕತ್ತಿಯ ಗುರುತುಗಳಿದ್ದವು.

ಇದಕ್ಕೆ ಇನ್ನೊಂದು ಕಾರಣವನ್ನು ಮರಗಳು ಹೇಳಿದವು. ಆ ಸೀಮೆಯ ಬಹುಕಾಲದ ಸೈಪ್ರೆಸ್ ಮರಗಳ ಉಂಗುರಗಳನ್ನು ಅಳೆದ ಪಂಡಿತರು, ೧೬೦೬ರಿಂದ ೧೬೧೨ರವರೆಗೆ ಏಳು ವರ್ಷ ಅಲ್ಲಿ ಭೀಕರ ಬರವಿದ್ದಿತೆಂದು ೧೯೯೮ರಲ್ಲಿ ಪ್ರಕಟಿಸಿದರು. ಬಂದವರಿಗೆ ಮಾತ್ರವಲ್ಲ, ಅಲ್ಲಿದ್ದವರಿಗೂ ಕಾಳು ಸಾಲದ ಕಾಲ ಅದು. ಬರದಲ್ಲಿ ನೆರೆಯವನು ಕಾಳು ಕೇಳಲು ಬಂದರೆ ಹೇಗಿರುತ್ತದೆಂಬುದು ಜತ್ತದ ಕಡೆಯ ಹಿರಿಯರಿಗೆ ಚೆನ್ನಾಗಿ ಗೊತ್ತು. ಅವನು ಕೋವಿ ಹಿಡಿದು ಬಂದರೆ ಕೇಳುವುದೇ ಬೇಡ.

ಅಷ್ಟಾದರೂ ವರ್ಜೀನಿಯಾದವರು ಪಾಠ ಕಲಿಯಲಿಲ್ಲ. ತಂಬಾಕು ಹಣ ತರುತ್ತದೆಂದು ತಿಳಿದೊಡನೆ ಊರೊಳಗಿನ ಓಣಿಗಳಲ್ಲಿಯೂ ತಂಬಾಕು ಹಚ್ಚಿದರು. ತನಗೂ ತನ್ನ ಪ್ರತಿಯೊಬ್ಬ ಆಳಿಗೂ ಎರಡೆರಡು ಎಕರೆ ಗೋವಿನಜೋಳ ಬಿತ್ತದೆ ಯಾವನೂ ತಂಬಾಕು ಹಚ್ಚಕೂಡದೆಂದು ೧೬೧೬ರ ಸುಮಾರಿಗೆ ಅಲ್ಲಿಯ ಅಧಿಕಾರಿ ಡೇಲ್ ಎಂಬವನು ಕಟ್ಟಪ್ಪಣೆ ಮಾಡಬೇಕಾಯಿತು.

ಪ್ಲಿಮತ್ತಿನವರಿಗೆ ಮಾತ್ರ ಒಬ್ಬ ಗುರು ದೊರೆತನು. ಅವನ ಹೆಸರು ಟಿಸ್ಕ್ವಾಂಟಮ್. ಅವನ ಕಥೆಯನ್ನು ಹೇಳುವಾಗ ನನ್ನ ತರಗತಿಯ ಹುಡುಗರು ಗದ್ದಲ ಮಾಡದೆ ಕೇಳುತ್ತಾರೆ. ಅವನು ಪ್ಲಿಮತ್ ಇರುವ ಸ್ಥಳದ್ದೇ, ಪಟಕ್ಸೆಟ್ ಎಂಬ ಹಳ್ಳಿಯವನು. ೧೬೧೪ರಲ್ಲಿ ಒಬ್ಬ ಇಂಗ್ಲಿಷ್ ಹಡಗಿನ ಯಜಮಾನನು ಅವನನ್ನು ಹಿಡಿದೊಯ್ದು ಸ್ಪೇನ್ ದೇಶದಲ್ಲಿ ಮಾರಲು ಹೋದನು. ಅಲ್ಲಿಂದ ಹೇಗೋ ಪಾರಾಗಿ ಇಂಗ್ಲಂಡಿಗೆ ಬಂದು, ಅಲ್ಲಿಯ ಭಾಷೆ ಕಲಿತು, ೧೬೧೯ರಲ್ಲಿ ತನ್ನೂರಿಗೆ ಮರಳಿದನು. ನೋಡಿದರೆ ಊರೇ ಇಲ್ಲ. ಪರದೇಶದ ಹಡಗುಗಳು ತಂದ ರೋಗಕ್ಕೆ ಹಳ್ಳಿಗೆ ಹಳ್ಳಿಯೇ ಬಲಿಯಾಗಿ ಹೊಲಗಳು ಬೀಳುಬಿದ್ದಿದ್ದವು. ಆ ಬೀಳು ಹೊಲಗಳ ಮೇಲೆಯೇ ಮೇಫ್ಲವರಿನವರು ನೆಲೆ ಊರಿದರು. ತನ್ನವರ ಹೊಲದಲ್ಲಿ ಬಿತ್ತುವುದನ್ನು ಅವನೇ ಅವರಿಗೆ ಕಲಿಸಿದನು.

ಆ ಬಿತ್ತನೆ ಕೂರಿಗೆಯದಲ್ಲ. ನೆಲವನ್ನು ಪೂರ್ತಿ ಉಳುವುದಿಲ್ಲ. ಮೂರು ನಾಲ್ಕು ಅಡಿಗೆ ಒಂದರಂತೆ ಗುಣಿ ತೆಗೆದು, ನಾಲ್ಕೈದು ಕಾಳು ಹಾಕಿ, ಬೆಳೆದಂತೆ ಬುಡಕ್ಕೆ ಮಣ್ಣು ಏರಿಸಿ ಗುಡ್ಡೆ ಮಾಡುವುದು. ಓಕ್ ಮರದ ಚಿಗುರೆಲೆ ಇಲಿಯ ಕಿವಿಯಷ್ಟಾದಾಗ ಬಿತ್ತನೆಯ ಹದ ಎಂಬುದು ಆ ಕಡೆಯ ಲೆಕ್ಕ. ವಸಂತಕಾಲದಲ್ಲಿ ಹಳ್ಳಗಳಲ್ಲಿ ಹಿಂಡುಹಿಂಡಾಗಿ ಏರಿಬರುವ ಸಣ್ಣ ಮೀನುಗಳನ್ನು ಗುಣಿಯಲ್ಲಿ ಹೂಳಿ ಗೊಬ್ಬರ ಮಾಡಬೇಕೆಂದೂ ಟಿಸ್ಕ್ವಾಂಟಮ್ ತೋರಿಸಿಕೊಟ್ಟನು. ಈ ಮೀನು ಗೊಬ್ಬರ ಇಂಗ್ಲಿಷರಿಗೆ ಎಷ್ಟು ಹಿಡಿಸಿತೆಂದರೆ, ೧೬೪೪ರಲ್ಲಿ ಇಪ್ಸ್‌ವಿಚ್ ಎಂಬ ಊರಿನ ಪಂಚರು ಒಂದು ನಿಬಂಧನೆ ಮಾಡಿದರು: ಬಿತ್ತನೆಯಾದ ಮೇಲೆ ಮೂರು ವಾರ ಎಲ್ಲ ನಾಯಿಗಳ ಒಂದು ಕಾಲನ್ನು ಕಟ್ಟಿಡಬೇಕು, ಹೊಲದಲ್ಲಿ ಮೀನು ಕೆದರಿದ ನಾಯಿಯ ಯಜಮಾನ ನಷ್ಟ ತುಂಬಿಕೊಡಬೇಕು.

ಗೋವಿನಜೋಳದ ದಂಟಿಗೆ ಅವರೆಯ ಜಾತಿಯ ಬಳ್ಳಿ ಹಬ್ಬುತ್ತಿದ್ದಿತು. ಕೆಳಗೆ ಕುಂಬಳದ ಎಲೆ ಹರಡಿ ಕಳೆಯನ್ನು ಏಳಗೊಡದೆ ತೇವವನ್ನು ಕಾಯುತ್ತಿದ್ದಿತು. ಇರಾಕ್ವೊಯ್ ಜನರು ಈ ಮೂರಕ್ಕೂ ಮೂವರು ಅಕ್ಕತಂಗಿಯರೆಂದು ಹೆಸರಿಟ್ಟಿದ್ದರು. ಜೋಳದ ಹೊಲದಲ್ಲಿ ಅಕ್ಕಡಿ ಹಾಕುವ ನಮ್ಮವರಿಗೆ ಇದರ ಮರ್ಮ ತಿಳಿಯದ್ದಲ್ಲ. ಕೇಳಬೇಕಾದ ಇನ್ನೊಂದು ಸಂಗತಿ ಕಾಗೆಯದು. ರೋಡ್ ಐಲಂಡಿನಲ್ಲಿ ನೆಲೆಸಿದ್ದ ರೋಜರ್ ವಿಲಿಯಮ್ಸ್ ಎಂಬ ಪಾದ್ರಿ ನ್ಯಾರಗ್ಯಾನ್ಸೆಟ್ ಜನರ ಭಾಷೆ ಕಲಿತು ೧೬೪೩ರಲ್ಲಿ ಒಂದು ಪುಸ್ತಕ ಬರೆದನು. ನೈರುತ್ಯ ದಿಕ್ಕಿನ ದೇವರ ಹೊಲದಿಂದ ಮೊಟ್ಟಮೊದಲು ಒಂದು ಕಿವಿಯಲ್ಲಿ ಜೋಳದ ಕಾಳನ್ನೂ ಇನ್ನೊಂದು ಕಿವಿಯಲ್ಲಿ ಅವರೆಯ ಕಾಳನ್ನೂ ತಂದುಕೊಟ್ಟದ್ದು ಕಾಗೆಯೆಂಬುದು ಆ ಜನರ ನಂಬಿಕೆ. ಆದುದರಿಂದ ಕಾಗೆ ಬೆಳೆ ತಿಂದರೂ ನೂರರಲ್ಲಿ ಒಬ್ಬನೂ ಅದನ್ನು ಕೊಲ್ಲುವುದಿಲ್ಲವೆಂದು ಅವನು ಬರೆದಿದ್ದಾನೆ. ತಂದುಕೊಟ್ಟವರ ಋಣದ ಲೆಕ್ಕ ಹಾಗೆ ಇದ್ದಿತು.

೧೬೨೧ರಲ್ಲಿ ಪ್ಲಿಮತ್ತಿನವರು ಇಪ್ಪತ್ತು ಎಕರೆ ಗೋವಿನಜೋಳವನ್ನೂ, ತಾವು ಇಂಗ್ಲಂಡಿನಿಂದ ತಂದ ಬಾರ್ಲಿ ಬಟಾಣಿಗಳನ್ನು ಆರು ಎಕರೆಯಷ್ಟೂ ಬಿತ್ತಿದರು. ಗೋವಿನಜೋಳ ಚೆನ್ನಾಗಿ ಬಂದಿತು. ಬಾರ್ಲಿ ಅಷ್ಟಕ್ಕಷ್ಟೆ. ಬಟಾಣಿ ಹೂವಿನಲ್ಲಿಯೇ ಬಿಸಿಲಿಗೆ ಸುಟ್ಟು ಕೊಯ್ಯುವುದಕ್ಕೂ ಬಾರದೆ ಹೋಯಿತು. ಆ ಸುಗ್ಗಿಯಲ್ಲಿ ವಾಂಪನೋಗ್ ಜನರ ದೊರೆ ಮಸಸೋಯ್ಟ್ ತನ್ನ ತೊಂಬತ್ತು ಜನರೊಂದಿಗೆ ಬಂದು, ಐದು ಜಿಂಕೆಗಳನ್ನು ಬೇಟೆಯಾಡಿ ತಂದು ಕೊಟ್ಟು, ಮೂರು ದಿನ ಅವರೊಡನೆ ಉಂಡನು. ಇಂದಿಗೂ ಅಮೆರಿಕದಲ್ಲಿ ನವೆಂಬರ ತಿಂಗಳ ನಾಲ್ಕನೆಯ ಗುರುವಾರ ಆಚರಿಸುವ ಹಬ್ಬದ ಮೂಲಕಥೆ ಇದೇ ಎನ್ನುತ್ತಾರೆ. ಟಿಸ್ಕ್ವಾಂಟಮ್ ಮರುವರ್ಷವೇ ತೀರಿಕೊಂಡನು.

ಹತ್ತೇ ವರ್ಷಗಳಲ್ಲಿ ಈ ಕಾಳು ಹಣದ ಜಾಗದಲ್ಲಿ ಕುಳಿತಿತು. ೧೬೩೧ರಲ್ಲಿ ಮ್ಯಾಸಚೂಸೆಟ್ಸಿನ ಸಭೆಯು ಸಾಲ ತೀರಿಸಲು ಗೋವಿನಜೋಳವನ್ನು ಸಲ್ಲುವ ನಾಣ್ಯವೆಂದು ಸಾರಿತು.

ಇನ್ನು ಅಡಿಗೆಯ ಮಾತು. ಇಂಗ್ಲಿಷ್ ಹೆಂಗಸರಿಗೆ ಗೋದಿಯ ರೊಟ್ಟಿ ಉಬ್ಬಿಸಿ ಸುಡುವುದು ಗೊತ್ತಿದ್ದಿತೇ ಹೊರತು ಈ ಹಿಟ್ಟಿನ ಗುಣ ಗೊತ್ತಿರಲಿಲ್ಲ. ಜೋಳದ ಹಿಟ್ಟಿನಂತೆ ಗೋವಿನಜೋಳದ ಹಿಟ್ಟಿಗೂ ಜಿಗುಟಿಲ್ಲ, ನಾದಿಟ್ಟರೆ ಉಬ್ಬುವುದಿಲ್ಲ. ಆದುದರಿಂದ ಅಲ್ಲಿಯ ಹೆಣ್ಣುಮಕ್ಕಳನ್ನು ನೋಡಿಯೇ ಕಲಿಯಬೇಕಾಯಿತು. ಕಾಳನ್ನು ಮರದ ಒರಳಿನಲ್ಲಿ ಕುಟ್ಟಿ ನುಚ್ಚು ಮಾಡಿ ಬೇಯಿಸಿ ಹಾಲು ಹಾಕಿ ಉಂಡರು; ಅದರ ಹೆಸರು ಸ್ಯಾಂಪ್, ಹೆಸರೂ ಅಲ್ಲಿಯವರದೇ. ಕುದಿಯುವ ನೀರಿಗೆ ಹಿಟ್ಟು ಸುರಿದು ತಿರುವಿ ಸಂಗಟಿ ಮಾಡಿದರು. ಅದಕ್ಕೆ ಅವಸರದ ಪುಡ್ಡಿಂಗ್ ಎಂದು ಹೆಸರು. ಹಲಗೆಯ ಮೇಲೆ ಹಿಟ್ಟು ತಟ್ಟಿ ಬೆಂಕಿಯ ಎದುರು ಓರೆಯಾಗಿ ನಿಲ್ಲಿಸಿ ರೊಟ್ಟಿ ಸುಟ್ಟರು. ಹಿಟ್ಟು, ಹಾಲು, ಕಾಕಂಬಿ ಕೂಡಿಸಿ ಗಂಟೆಗಟ್ಟಲೆ ಬೇಯಿಸಿದ್ದು ಇಂಡಿಯನ್ ಪುಡ್ಡಿಂಗ್. ಹೆಸರು ಕೇಳಿ ನಮ್ಮ ದೇಶದ ಪದಾರ್ಥವೆಂದು ಯಾರೂ ಹಿಗ್ಗಬಾರದು. ಕೊಲಂಬಸನು ದಾರಿ ತಪ್ಪಿ ಆ ಜನರನ್ನು ಇಂಡಿಯನ್ನರೆಂದು ಕರೆದನು, ಅವರ ಕಾಳಿಗೂ ಅದೇ ಹೆಸರು ಅಂಟಿಕೊಂಡಿತು. ನಿಜವಾಗಿ ಆ ಕಾಳು ನಮ್ಮ ಕಡೆಗೆ ಬಂದದ್ದು ಅಮೆರಿಕದಿಂದಲೇ, ಮೆಣಸಿನಕಾಯಿಯಂತೆ.

ಒಲೆಯೆಂದರೆ ಮನೆಯ ಒಂದು ಗೋಡೆಯನ್ನೇ ನುಂಗಿದ ಬೆಂಕಿಗೂಡು. ಮೇಲಿನಿಂದ ಕಬ್ಬಿಣದ ಗಡಿಗೆ ತೂಗುಬಿಟ್ಟಿರುತ್ತಿದ್ದಿತು. ಅದರಲ್ಲಿ ಉಪ್ಪು ಹಾಕಿದ ಹಂದಿಯ ಮಾಂಸ, ಅವರೆ, ಗಡ್ಡೆ, ಕುಂಬಳ ಎಲ್ಲವೂ ಒಂದಾಗಿ ಬೇಯುತ್ತಿದ್ದವು. ಉಣ್ಣುವುದು ಮರದ ತಟ್ಟೆಯಲ್ಲಿ, ಅನೇಕ ಮನೆಗಳಲ್ಲಿ ಇಬ್ಬರಿಗೆ ಒಂದೇ ತಟ್ಟೆ. ಮುಳ್ಳುಚಮಚ ಹದಿನೆಂಟನೆಯ ಶತಮಾನದವರೆಗೂ ಅಪರೂಪವಾಗಿದ್ದಿತು. ಕೈ, ಚಾಕು, ಚಮಚಗಳಿಂದಲೇ ಊಟ ಸಾಗುತ್ತಿದ್ದಿತು. ನಮ್ಮವರು ಕೈಯಿಂದ ಉಣ್ಣುವುದನ್ನು ಕಂಡು ಮೂಗು ಮುರಿದ ದೊರೆಗಳ ಅಜ್ಜಂದಿರೂ ಕೈ ನೆಕ್ಕಿದವರೇ ಎಂದು ನೆನೆದರೆ ನನಗೆ ನಗು ಬರುತ್ತದೆ.

ಬಿಳಿಯ ರೊಟ್ಟಿಯ ಆಸೆ ಮಾತ್ರ ಅವರಿಗೆ ಹೋಗಲಿಲ್ಲ. ನ್ಯೂ ಇಂಗ್ಲಂಡಿನಲ್ಲಿ ಗೋದಿ ಬೆಳೆಯಲು ಹೆಣಗಿದರು. ೧೬೬೦ರ ದಶಕದಿಂದ ಗೋದಿಗೆ ತುಕ್ಕು ರೋಗ ಬಿದ್ದಿತು; ನಮ್ಮಲ್ಲಿ ಕೆಲವರು ಭಂಡಾರ ರೋಗವೆನ್ನುವುದು ಇದನ್ನೇ. ತೆನೆ ಜೊಳ್ಳಾಗಿ ಗೋದಿ ಕೈಬಿಟ್ಟಿತು. ಆಗ ರೈ ಎಂಬ ಧಾನ್ಯವನ್ನೂ ಗೋವಿನಜೋಳವನ್ನೂ ಬೆರೆಸಿ ಕಪ್ಪಗಿನ ಗಟ್ಟಿ ರೊಟ್ಟಿ ಮಾಡುವ ರೂಢಿ ಬಲವಾಯಿತು. ಈ ರೋಗದ ಕಥೆಯಲ್ಲಿ ಒಕ್ಕಲಿಗರ ಜಾಣತನವೊಂದಿದೆ. ಬಾರ್ಬೆರಿ ಎಂಬ ಮುಳ್ಳುಗಿಡವನ್ನು ಬೇಲಿಗೂ ಅದರ ಹಣ್ಣನ್ನು ಮುರಬ್ಬಕ್ಕೂ ಬೇಕೆಂದು ವಲಸೆಗಾರರೇ ತಂದು ನೆಟ್ಟಿದ್ದರು. ಆ ಬೇಲಿಯ ಹತ್ತಿರದ ಗೋದಿಗೇ ತುಕ್ಕು ಹೆಚ್ಚೆಂದು ರೈತರು ಕಣ್ಣಾರೆ ಕಂಡು ಕೂಗಿದರು. ಪಂಡಿತರು ನಕ್ಕರು. ಆದರೂ ಕನೆಕ್ಟಿಕಟ್ಟಿನಲ್ಲಿ ೧೭೨೬ರಲ್ಲಿ, ಮ್ಯಾಸಚೂಸೆಟ್ಸಿನಲ್ಲಿ ೧೭೫೫ರಲ್ಲಿ, ರೋಡ್ ಐಲಂಡಿನಲ್ಲಿ ೧೭೬೬ರಲ್ಲಿ ಬಾರ್ಬೆರಿಯನ್ನು ಕಿತ್ತು ಹಾಕುವ ಕಾಯಿದೆಗಳಾದವು. ಆ ತುಕ್ಕಿನ ಬೂಷ್ಟು ತನ್ನ ಬಾಳಿನ ಅರ್ಧವನ್ನು ಬಾರ್ಬೆರಿಯ ಎಲೆಯ ಮೇಲೆ, ಉಳಿದರ್ಧವನ್ನು ಗೋದಿಯ ಮೇಲೆ ಕಳೆಯುತ್ತದೆಂದು ಜರ್ಮನಿಯ ಡಿ ಬರಿ ಎಂಬ ವಿಜ್ಞಾನಿ ಸಿದ್ಧ ಮಾಡಿ ತೋರಿಸಿದ್ದು ೧೮೬೫ರಲ್ಲಿ. ರೈತನ ಕಣ್ಣು ನೂರು ವರ್ಷಗಳಿಗೂ ಮೇಲ್ಪಟ್ಟು ಮುಂದಿದ್ದಿತು.

ಅಲ್ಲಿಯ ಹೆಣ್ಣುಮಕ್ಕಳಲ್ಲಿ ಇನ್ನೊಂದು ವಿದ್ಯೆಯಿದ್ದಿತು. ದಕ್ಷಿಣದ ಚೆರೋಕಿ, ಉತ್ತರದ ಇರಾಕ್ವೊಯ್ ಮುಂತಾದವರು ಕಾಳನ್ನು ಕಟ್ಟಿಗೆಯ ಬೂದಿಯ ನೀರಿನಲ್ಲಿ ಕುದಿಸಿ, ಸಿಪ್ಪೆ ಬಿಡಿಸಿ ತೊಳೆದು ಬಳಿಕ ಅಡಿಗೆಗೆ ಬಳಸುತ್ತಿದ್ದರು. ಮೆಕ್ಸಿಕೋದವರು ಬೂದಿಯ ಬದಲು ಸುಣ್ಣ ಹಾಕುತ್ತಿದ್ದರು. ಹಾಮಿನಿ ಎಂಬ ಹೆಸರಿನಿಂದ ವಲಸೆಗಾರರೂ ಇದನ್ನು ಕಲಿತರು, ಆದರೆ ಸಿಪ್ಪೆ ಸುಲಿಯುವ ಉಪಾಯವೆಂದಷ್ಟೇ ತಿಳಿದರು. ಬರಬರುತ್ತ ಗಿರಣಿಗಳಾದವು, ಬೂದಿನೀರು ಎಷ್ಟೋ ಮನೆಗಳಲ್ಲಿ ಮರೆತೇಹೋಯಿತು. ಹಾಲು, ಮಾಂಸ, ಅವರೆ ಇದ್ದ ಮನೆಗಳಿಗೆ ಏನೂ ಆಗಲಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ಪ್ರಾಂತಗಳ ಬಡವರು, ಮೂರು ಹೊತ್ತೂ ಗಿರಣಿಯ ಹಿಟ್ಟು, ಕಾಕಂಬಿ, ಹಂದಿಯ ಕೊಬ್ಬನ್ನೇ ಉಂಡವರು, ಪೆಲ್ಲಾಗ್ರ ಎಂಬ ರೋಗದಿಂದ ಚರ್ಮ ಸುಲಿದು, ಭೇದಿಯಾಗಿ, ಬುದ್ಧಿ ಕೆಟ್ಟು ಸತ್ತರು. ೧೯೧೪ರಿಂದ ಇದರ ಬೆನ್ನು ಹತ್ತಿದ ಡಾಕ್ಟರ್ ಗೋಲ್ಡ್‌ಬರ್ಗರ್ ಇದು ಅಂಟುರೋಗವಲ್ಲ, ಊಟದ ಕೊರತೆಯೆಂದು ತೋರಿಸಿದನು. ಬೇಕಾದ ಜೀವಸತ್ವ ಕಾಳಿನಲ್ಲಿ ಇದ್ದರೂ ಬಿಗಿದುಕೊಂಡಿರುತ್ತದೆ. ಬೂದಿ ಅಥವಾ ಸುಣ್ಣದ ನೀರು ಅದನ್ನು ಬಿಡಿಸುತ್ತದೆ. ಕಾಳು ಒಯ್ದವರು ಕೈಗುಣ ಒಯ್ಯಲಿಲ್ಲ. ಇದರಲ್ಲಿ ನಮಗೂ ಒಂದು ಮಾತಿದೆ. ಜೋಳವನ್ನೇ ಬಹುವಾಗಿ ಉಣ್ಣುವ ದಕ್ಖನದ ಬಡವರಲ್ಲಿಯೂ ಇದೇ ರೋಗವುಂಟೆಂದು ೧೯೬೦ರ ಸುಮಾರಿಗೆ ಹೈದರಾಬಾದಿನ ಪೋಷಣ ಸಂಶೋಧನಾಲಯದ ಡಾಕ್ಟರ್ ಗೋಪಾಲನ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ರೊಟ್ಟಿಯೊಡನೆ ಬೇಳೆ, ಪುಂಡಿಪಲ್ಲೆ, ಮಜ್ಜಿಗೆ, ಶೇಂಗಾದ ಹಿಂಡಿ ಇಲ್ಲದ ಊಟವನ್ನು ನಮ್ಮ ಅಜ್ಜಿಯರು ಊಟವೆನ್ನುತ್ತಿರಲಿಲ್ಲ.

ಮತ್ತೆ ಪ್ಲಿಮತ್ತಿನ ಹಗೇವಿಗೆ ಬರೋಣ. ವಲಸೆಗಾರರಿಗೆ ಹಾಲು ಬೆಣ್ಣೆ ಬೇಕು. ಅದಕ್ಕೆ ದನ ತಂದರು, ಹಂದಿ ತಂದರು. ಅವುಗಳನ್ನು ಕಾಡಿಗೆ ಬಿಟ್ಟು ಬೆಳೆಗೆ ಬೇಲಿ ಹಾಕುವುದು ಅವರ ರೂಢಿ. ಅಲ್ಲಿಯವರ ಹೊಲಗಳಿಗೆ ಬೇಲಿಯೇ ಇರಲಿಲ್ಲ, ಏಕೆಂದರೆ ಅವರಲ್ಲಿ ದನವೇ ಇರಲಿಲ್ಲ. ದನ ನುಗ್ಗಿ ಗೋವಿನಜೋಳ ಮೇಯ್ದವು, ಹಂದಿಗಳು ಹೂಳಿಟ್ಟ ಕಾಳನ್ನು ಮೂತಿಯಿಂದ ಎಬ್ಬಿಸಿ ತಿಂದವು. ನಮ್ಮೂರಲ್ಲಾದರೆ ಕೊಂಡವಾಡಕ್ಕೆ ಹೊಡೆಯಬಹುದು. ಅಲ್ಲಿ ನ್ಯಾಯ ಹೇಳುವವರೇ ದನದ ಒಡೆಯರು. ನೀವು ಬೇಲಿ ಹಾಕಿಕೊಳ್ಳಿ ಎಂದರು. ಮಸಸೋಯ್ಟನ ಮಗ ಮೆಟಕಾಮ್ ದೊರೆಯಾಗಿದ್ದಾಗ, ೧೬೭೫ರ ಜೂನ್ ತಿಂಗಳಲ್ಲಿ, ರೋಡ್ ಐಲಂಡಿನ ಜಾನ್ ಈಸ್ಟನ್ ಎಂಬ ಅಧಿಕಾರಿ ಅವನ ದೂರುಗಳನ್ನು ಕೇಳಿ ಬರೆದುಕೊಂಡನು. ಇಂಗ್ಲಿಷರಿಂದ ಮೂವತ್ತು ಮೈಲು ದೂರ ಸರಿದುಹೋದರೂ ಅವರ ದನ ಕುದುರೆಗಳಿಂದ ನಮ್ಮ ಬೆಳೆ ಉಳಿಯುತ್ತಿಲ್ಲ ಎಂಬುದು ಅವುಗಳಲ್ಲಿ ಒಂದು. ಅದೇ ತಿಂಗಳು ಯುದ್ಧ ಹೊತ್ತಿಕೊಂಡಿತು. ಆ ವರ್ಷದ ಡಿಸೆಂಬರದಲ್ಲಿ ಇಂಗ್ಲಿಷರು ನ್ಯಾರಗ್ಯಾನ್ಸೆಟ್ ಜನರ ಕೋಟೆಗೆ ಬೆಂಕಿಯಿಟ್ಟು ಜನರನ್ನೂ ಚಳಿಗಾಲಕ್ಕೆಂದು ಕೂಡಿಟ್ಟ ಕಾಳನ್ನೂ ಸುಟ್ಟರು. ಕಾಗೆಯನ್ನು ಕೊಲ್ಲದ ಜನರೆಂದು ವಿಲಿಯಮ್ಸ್ ಬರೆದದ್ದು ಇವರನ್ನೇ. ೧೬೭೬ರ ಆಗಸ್ಟಿನಲ್ಲಿ ಮೆಟಕಾಮ್ ಗುಂಡಿಗೆ ಬಲಿಯಾದನು. ಅವನ ತಲೆಯನ್ನು ಪ್ಲಿಮತ್ತಿನಲ್ಲಿ ಕಂಬಕ್ಕೆ ಚುಚ್ಚಿ ಎಷ್ಟೋ ವರ್ಷ ಇಟ್ಟಿದ್ದರು. ಅವನ ತಂದೆ ಐದು ಜಿಂಕೆಗಳನ್ನು ತಂದು ಉಂಡು ಹೋದ ಅದೇ ಊರು. ನಡುವೆ ಐವತ್ತೈದು ವರ್ಷ.

ದಕ್ಷಿಣದ ಕ್ಯಾರೊಲೈನಾದಲ್ಲಿ ಊಟ ಬೇರೆ, ಕಥೆ ಅಷ್ಟು ಬೇರೆಯಲ್ಲ. ಅಲ್ಲಿಯ ಜವುಗು ನೆಲದಲ್ಲಿ ೧೬೯೦ರ ಸುಮಾರಿಗೆ ಬತ್ತ ಊರಿತು. ಧಣಿಗಳಿಗೆ ಬತ್ತದ ಬೇಸಾಯ ಗೊತ್ತಿರಲಿಲ್ಲ. ಪಶ್ಚಿಮ ಆಫ್ರಿಕದ ಬತ್ತದ ನಾಡುಗಳಿಂದ ಗುಲಾಮರಾಗಿ ಹಿಡಿದು ತಂದವರಿಗೆ ಗೊತ್ತಿದ್ದಿತು. ಹಿಮ್ಮಡಿಯಿಂದ ಗುಣಿಯೊತ್ತಿ ಬೀಜವಿಕ್ಕಿ ಕಾಲಿನಿಂದಲೇ ಮಣ್ಣು ಮುಚ್ಚುವುದು, ಹುಲ್ಲಿನಿಂದ ಹೆಣೆದ ಅಗಲವಾದ ಮೊರದಲ್ಲಿ ಕೇರುವುದು, ಒನಕೆಯಿಂದ ಕುಟ್ಟುವುದು, ಇವೆಲ್ಲ ಅವರ ನಾಡಿನ ರೀತಿಗಳೇ. ಅಕ್ಕಿಯ ನಾಡಿನವರು ಎಂದು ಹೇಳಿ ಗುಲಾಮರನ್ನು ಮಾರುವ ಜಾಹೀರಾತುಗಳು ಚಾರ್ಲ್ಸ್‌ಟನ್ನಿನ ಪತ್ರಿಕೆಗಳಲ್ಲಿ ಬರುತ್ತಿದ್ದವು. ೧೭೦೮ರ ಹೊತ್ತಿಗೆ ಆ ಪ್ರಾಂತದಲ್ಲಿ ಬಿಳಿಯರಿಗಿಂತ ಕರಿಯರ ಸಂಖ್ಯೆ ಹೆಚ್ಚಾಗಿದ್ದಿತು. ಇಡಿ ಅಕ್ಕಿ ಹಡಗು ಹತ್ತಿ ಯುರೋಪಿಗೆ ಹೋಗುತ್ತಿದ್ದಿತು, ಒಡೆದ ನುಚ್ಚು ಬೆಳೆದವರ ಗಡಿಗೆಗೆ. ಅಲಸಂದಿ, ಬೆಂಡೆಕಾಯಿ, ಎಳ್ಳು, ಕಲ್ಲಂಗಡಿ, ಇವೆಲ್ಲ ಅಮೆರಿಕದ ಅಡಿಗೆಯನ್ನು ಹೊಕ್ಕದ್ದು ಆಫ್ರಿಕದವರ ಜೊತೆಯಲ್ಲಿ. ದಿನದ ಪಾಲಿನ ಕೆಲಸ ಮುಗಿದ ಮೇಲೆ ಗುಡಿಸಲ ಹಿಂದಿನ ತುಂಡು ನೆಲದಲ್ಲಿ ಅವರು ಇವನ್ನು ಬೆಳೆದುಕೊಳ್ಳುತ್ತಿದ್ದರು. ಅಲಸಂದಿಯನ್ನೂ ಅಕ್ಕಿಯನ್ನೂ ಕೂಡಿಸಿ ಬೇಯಿಸಿದ ಅವರ ಅನ್ನ ಮುಂದೆ ಧಣಿಗಳ ಮೇಜಿಗೂ ಏರಿತು.

ಕುಡಿಯುವ ವಿಷಯದಲ್ಲಿ ಇಂಗ್ಲಿಷರಿಗೆ ನೀರಿನ ಮೇಲೆ ನಂಬಿಕೆಯಿರಲಿಲ್ಲ. ಅವರ ಊರುಗಳ ಹೊಳೆ ಬಾವಿಗಳ ನೀರು ಕೆಟ್ಟದ್ದೆಂಬ ಭಯ ಬೆನ್ನಟ್ಟಿಯೇ ಬಂದಿದ್ದಿತು. ತೆಳ್ಳಗಿನ ಬಿಯರು ಹೆಂಗಸರಿಗೂ ಮಕ್ಕಳಿಗೂ ನಿತ್ಯಪಾನ. ಮೇಫ್ಲವರಿನವರು ಬೇಗನೆ ಇಳಿದು ಊರು ಹಾಕಲು ಬಿಯರು ತೀರುತ್ತ ಬಂದದ್ದೂ ಒಂದು ಕಾರಣವೆಂದು ಬರೆದುಕೊಂಡಿದ್ದಾರೆ. ಬಾರ್ಲಿ ಸಾಕಷ್ಟು ಬರಲಿಲ್ಲವಾದುದರಿಂದ ಕುಂಬಳಕಾಯಿ, ಕಾಕಂಬಿ, ಸ್ಪ್ರೂಸ್ ಮರದ ಚಿಗುರು, ಕೈಗೆ ಸಿಕ್ಕದ್ದರಿಂದೆಲ್ಲ ಬಿಯರು ಮಾಡಲು ನೋಡಿದರು. ಕೊನೆಗೆ ಕೈಹಿಡಿದದ್ದು ಸೇಬು. ಇಂಗ್ಲಂಡಿನಿಂದ ತಂದ ಬೀಜಗಳು ಅಲ್ಲಿಯ ಚಳಿಗೆ ಒಗ್ಗಿದವು. ಬೀಜದಿಂದ ಬಂದ ಗಿಡದ ಹಣ್ಣು ಹುಳಿಯೋ ಒಗರೋ ಹೇಳಲಾಗದು. ತಿನ್ನಲು ಆಗದಿದ್ದರೂ ಹಿಂಡಲು ಆದೀತು. ಶರತ್ಕಾಲದಲ್ಲಿ ಹಿಂಡಿ ಪೀಪಾಯಿಗೆ ತುಂಬಿ ನೆಲಮಾಳಿಗೆಯಲ್ಲಿಟ್ಟರೆ ತಾನೇ ಹುದುಗಿ ಸೈಡರ್ ಆಗುತ್ತಿದ್ದಿತು. ಕೂಲಿಗೂ ಸೈಡರ್, ಪಾದ್ರಿಯ ಸಂಬಳಕ್ಕೂ ಸೈಡರ್. ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸ್ ಬೆಳಗಾಗೆದ್ದು ಒಂದು ದೊಡ್ಡ ಪಾತ್ರೆ ಹುಳಿತ ಸೈಡರನ್ನು ಕುಡಿಯುವ ರೂಢಿಯವನು. ತೊಂಬತ್ತು ವರ್ಷ ಬದುಕಿದನು. ಇದನ್ನು ನೆಪ ಮಾಡಿಕೊಳ್ಳುವವರಿಗೆ ನಾನು ಜವಾಬ್ದಾರನಲ್ಲ.

ರಮ್ಮಿನ ಮಾತು ಹಾಗಲ್ಲ. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಗುಲಾಮರ ದುಡಿಮೆಯಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ನ್ಯೂ ಇಂಗ್ಲಂಡಿನವರು ಹಡಗು ತುಂಬಿ ತಂದು ಬಟ್ಟಿಯಿಳಿಸುತ್ತಿದ್ದರು. ಅದಕ್ಕೆ ಬದಲಾಗಿ ಕಳಿಸುತ್ತಿದ್ದುದು ಮರ, ಕುದುರೆ, ಮತ್ತು ಯುರೋಪಿನಲ್ಲಿ ಮಾರಲಾಗದ ಕೀಳುತರದ ಉಪ್ಪುಮೀನು. ಆ ಮೀನೇ ದ್ವೀಪಗಳ ಗುಲಾಮರ ಊಟ. ರಮ್ಮನ್ನು ಕೊಟ್ಟು ಅಲ್ಲಿಯ ಮೂಲ ಜನರಿಂದ ತುಪ್ಪ

ುಳದ ತೊಗಲನ್ನು, ಆಫ್ರಿಕದಲ್ಲಿ ಮನುಷ್ಯರನ್ನು ಕೊಂಡರು. ಇದನ್ನು ಮುಚ್ಚಿಡಲೂ ಇಲ್ಲ. ೧೭೬೪ರಲ್ಲಿ ರೋಡ್ ಐಲಂಡಿನ ಸರಕಾರ ಲಂಡನ್ನಿಗೆ ಬರೆದ ಅರ್ಜಿಯಲ್ಲಿ, ತಮ್ಮಲ್ಲಿ ಮೂವತ್ತಕ್ಕೂ ಹೆಚ್ಚು ಬಟ್ಟಿಗಳಿವೆ, ವರ್ಷಕ್ಕೆ ಸುಮಾರು ೧೮ ಹಡಗುಗಳಲ್ಲಿ ೧,೮೦೦ ಪೀಪಾಯಿ ರಮ್ಮು ಆಫ್ರಿಕದ ಕರಾವಳಿಗೆ ಹೋಗುತ್ತದೆ, ಕಾಕಂಬಿಗೆ ತೆರಿಗೆ ಹಾಕಿದರೆ ನಾವು ಮುಳುಗಿದೆವು ಎಂದು ಲೆಕ್ಕ ಕೊಟ್ಟಿದೆ. ೧೭೩೩ರಲ್ಲಿ ಪರರ ದ್ವೀಪಗಳ ಕಾಕಂಬಿಗೆ ಗ್ಯಾಲನ್ನಿಗೆ ಆರು ಪೆನ್ಸ್ ಸುಂಕ ಹಾಕಿದ್ದರು. ವ್ಯಾಪಾರಿಗಳು ಕಳ್ಳಸಾಗಣೆಯಿಂದ ಅದನ್ನು ದಾಟುತ್ತಿದ್ದರು. ೧೭೬೪ರಲ್ಲಿ ಅದನ್ನು ಮೂರು ಪೆನ್ಸಿಗೆ ಇಳಿಸಿ ಬಿಗಿಯಾಗಿ ವಸೂಲು ಮಾಡಲು ಹೊರಟಾಗ ಜಗಳ ಹತ್ತಿತು. ಅಮೆರಿಕದ ಸ್ವಾತಂತ್ರ್ಯದಲ್ಲಿ ಕಾಕಂಬಿಯ ಪಾಲು ದೊಡ್ಡದೆಂದು ಆಡಮ್ಸನೇ ಮುಪ್ಪಿನಲ್ಲಿ ಒಪ್ಪಿ ಬರೆದನು. ಚುನಾವಣೆಗೂ ರಮ್ಮು ಬೇಕಾಗಿದ್ದಿತು. ಜಾರ್ಜ್ ವಾಷಿಂಗ್ಟನ್ ೧೭೫೫ರಲ್ಲಿ ಒಮ್ಮೆ ಸೋತವನು, ೧೭೫೮ರಲ್ಲಿ ವರ್ಜೀನಿಯಾದ ಸಭೆಗೆ ನಿಂತಾಗ ಮತದಾರರಿಗೆ ನೂರೈವತ್ತು ಗ್ಯಾಲನ್ನಿನಷ್ಟು ರಮ್ಮು, ಬಿಯರು, ಸೈಡರ್, ದ್ರಾಕ್ಷಾರಸ ಕುಡಿಸಿ ಗೆದ್ದನು. ನಮ್ಮ ಪುಢಾರಿಗಳು ಹೊಸದೇನನ್ನೂ ಕಂಡುಹಿಡಿದಿಲ್ಲ.

ಕೊನೆಗೆ ಚಹ. ಹದಿನೆಂಟನೆಯ ಶತಮಾನದಲ್ಲಿ ಚಹದ ಚಟ ವಲಸೆಗಾರರ ಮನೆಮನೆಗೂ ಹಬ್ಬಿತು. ಚಹ ಚೀನದ್ದು, ತರುವುದು ಈಸ್ಟ್ ಇಂಡಿಯಾ ಕಂಪನಿ, ನಮ್ಮನ್ನು ಆಳಿದ ಅದೇ ಕಂಪನಿ. ಬಂಗಾಲದಲ್ಲಿ ೧೭೬೯-೭೦ರ ಕ್ಷಾಮದಿಂದಲೂ, ದಕ್ಷಿಣದಲ್ಲಿ ಮೈಸೂರಿನ ಹೈದರಾಲಿ ಮದರಾಸಿನ ಬಾಗಿಲಿಗೆ ಬಂದ ಸುದ್ದಿಯಿಂದ ೧೭೬೯ರಲ್ಲಿ ಅದರ ಶೇರುಗಳ ಬೆಲೆ ಬಿದ್ದುದರಿಂದಲೂ ಕಂಪನಿಗೆ ಪೆಟ್ಟು ಬಿದ್ದಿದ್ದಿತು. ಉಗ್ರಾಣಗಳಲ್ಲಿ ಚಹ ಕೊಳೆಯುತ್ತಿದ್ದಿತು. ಅದನ್ನು ನೇರವಾಗಿ ಅಮೆರಿಕದಲ್ಲಿ ಮಾರಲು ೧೭೭೩ರಲ್ಲಿ ಕಾಯಿದೆ ಮಾಡಿದರು. ಪೌಂಡಿಗೆ ಮೂರು ಪೆನ್ಸಿನ ಸುಂಕ ಹಾಗೆಯೇ ಉಳಿಯಿತು. ಬಂಗಾಲದಲ್ಲಿ ಲಕ್ಷಾಂತರ ಜನರನ್ನು ಹಸಿವಿಗೆ ನೂಕಿದ ಕಂಪನಿ ನಮ್ಮನ್ನು ಬಿಟ್ಟೀತೇ ಎಂದು ಪೆನ್ಸಿಲ್ವೇನಿಯಾದ ಜಾನ್ ಡಿಕಿನ್ಸನ್ ಆ ವರ್ಷ ಒಂದು ಕರಪತ್ರದಲ್ಲಿ ಕೇಳಿದನು. ಡಿಸೆಂಬರ ೧೬ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ೩೪೨ ಪೆಟ್ಟಿಗೆ ಚಹ ಸಮುದ್ರದ ಪಾಲಾಯಿತು. ಮುಂದೆ ನಡೆದ ಯುದ್ಧದಲ್ಲಿ, ೧೭೮೨ರಲ್ಲಿ, ಬ್ರಿಟಿಷರ ಒಂದು ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ನೌಕೆಯ ಹೆಸರು ಹೈದರ್ ಅಲಿ. ಈ ಮಾತು ಹೇಳಿದರೆ ಹುಡುಗರು ಮೊದಲು ನಂಬುವುದಿಲ್ಲ.

ಚಹ ಬಿಟ್ಟವರು ರಾಸ್‌ಬೆರಿಯ ಎಲೆ, ಸೇಜ್ ಎಂಬ ಗಿಡದ ಎಲೆ, ಕಾಡಿನ ಬೇರೆ ಬೇರೆ ಸೊಪ್ಪುಗಳನ್ನು ಕುದಿಸಿ ಕುಡಿದರು. ಹಲವರು ಕಾಫಿಗೆ ತಿರುಗಿದರು. ೧೭೭೪ರ ಬೇಸಿಗೆಯಲ್ಲಿ ಜಾನ್ ಆಡಮ್ಸ್ ಕುದುರೆಯ ಮೇಲೆ ಮೂವತ್ತೈದು ಮೈಲಿನಷ್ಟು ದಾರಿ ಸವೆಸಿ ದಣಿದು ಒಂದು ಛತ್ರಕ್ಕೆ ಬಂದನು. ಸುಂಕ ಕೊಡದೆ ಕಳ್ಳದಾರಿಯಲ್ಲಿ ತಂದ ಚಹವಿದ್ದರೆ ಒಂದು ಬಟ್ಟಲು ಸಿಕ್ಕೀತೇ ಎಂದು ಮನೆಯೊಡತಿಯನ್ನು ಕೇಳಿದನು. ಇಲ್ಲಿ ಚಹವನ್ನೇ ಬಿಟ್ಟುಬಿಟ್ಟಿದ್ದೇವೆ, ಬೇಕಾದರೆ ಕಾಫಿ ಮಾಡಿಕೊಡುತ್ತೇನೆ ಎಂದಳು ಆಕೆ. ಅಂದಿನಿಂದ ದಿನವೂ ಮಧ್ಯಾಹ್ನ ಕಾಫಿಯನ್ನೇ ಕುಡಿಯುತ್ತಿದ್ದೇನೆ, ಚಹದ ಗೀಳನ್ನು ಬಿಡಬೇಕು ಎಂದು ಅವನು ಹೆಂಡತಿಗೆ ಕಾಗದ ಬರೆದನು. ಆ ಕಾಲದ ಅಮೆರಿಕಕ್ಕೆ ಕಾಫಿಯೂ ಅದಕ್ಕೆ ಹಾಕುವ ಸಕ್ಕರೆಯೂ ಹೆಚ್ಚಾಗಿ ಬರುತ್ತಿದ್ದುದು ವೆಸ್ಟ್ ಇಂಡೀಸಿನ ಅವೇ ಗುಲಾಮರ ತೋಟಗಳಿಂದ.